ಬೇರೆಯಾಗುವ ದಂಪತಿಗೆ ಮಧ್ಯಸ್ಥಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸಿದ್ಧಯ್ಯ ರಸ್ತೆಯಲ್ಲಿರುವ ನ್ಯಾಯದೇಗುಲ ಕಟ್ಟಡಕ್ಕೆ ವಿಚ್ಛೇದನದ ಅರ್ಜಿ ಹಿಡಿದು ಬರುವ ಅನೇಕ ದಂಪತಿಗಳು ಮೊದಲ ಕೆಲವು ವಾಯಿದೆಗಳೊಳಗೆ ‘ಮಧ್ಯಸ್ಥಿಕೆಗೆ ಹೋಗಿ ಬನ್ನಿ’ ಎಂಬ ಮಾತನ್ನು ಕೇಳುತ್ತಾರೆ. ಅದು ಎಂಥ ಜಾಗ, ಅಲ್ಲಿ ಯಾರು ಇರುತ್ತಾರೆ, ಹೋದರೆ ಕಳೆದುಕೊಳ್ಳುವುದೇನು, ಪಡೆಯುವುದೇನು ಎಂಬುದು ತಿಳಿಯದೆ ಗಾಬರಿಯಾಗುವವರೇ ಹೆಚ್ಚು. ಕರ್ನಾಟಕದ ನ್ಯಾಯಾಲಯಗಳಲ್ಲಿರುವ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು ಇಲ್ಲಿನ ಉತ್ತರಗಳನ್ನು ಬರೆದಿದೆ.

ಮಧ್ಯಸ್ಥಿಕೆ ಎಂದರೇನು? ಹಿರಿಯರು ಕೂತು ಮಾಡುವ ಪಂಚಾಯಿತಿಗೂ ಇದಕ್ಕೂ ಏನು ವ್ಯತ್ಯಾಸ?

ಇಬ್ಬರಿಗೂ ಸಂಬಂಧಪಡದ, ತರಬೇತಿ ಪಡೆದ ಮೂರನೆಯವರೊಬ್ಬರ ಸಮ್ಮುಖದಲ್ಲಿ ಕುಳಿತು ಗಂಡ ಹೆಂಡತಿ ತಮ್ಮ ವ್ಯಾಜ್ಯಕ್ಕೆ ತಾವೇ ಪರಿಹಾರ ಹುಡುಕಿಕೊಳ್ಳುವ ಮಾತುಕತೆಗೆ ಮಧ್ಯಸ್ಥಿಕೆ ಎನ್ನುತ್ತಾರೆ. ಪಂಚಾಯಿತಿಯಲ್ಲಿ ಹಿರಿಯರು ಎರಡೂ ಕಡೆಯ ಮಾತು ಕೇಳಿ ‘ಹೀಗೆ ಮಾಡಿ’ ಎಂದು ತೀರ್ಮಾನ ಹೇಳುತ್ತಾರೆ. ಆ ತೀರ್ಮಾನದ ಹಿಂದೆ ಮನೆತನದ ಮರ್ಯಾದೆ, ಜಾತಿ, ನೆಂಟಸ್ತನ ಎಲ್ಲವೂ ಸೇರಿಕೊಂಡಿರುತ್ತವೆ. ಮಧ್ಯಸ್ಥಗಾರರಿಗೆ ತೀರ್ಮಾನ ಹೇಳುವ ಅಧಿಕಾರವೇ ಇಲ್ಲ. ತಪ್ಪು ಯಾರದು ಎಂದು ಅವರು ವಿಚಾರಣೆ ಮಾಡುವುದಿಲ್ಲ, ಸಾಕ್ಷಿ ಕೇಳುವುದಿಲ್ಲ, ಆದೇಶ ಬರೆಯುವುದಿಲ್ಲ. ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೂ ಒಪ್ಪಂದವಾಗುವುದಿಲ್ಲ.

ಕೌಟುಂಬಿಕ ನ್ಯಾಯಾಲಯದಲ್ಲಿರುವ ಆಪ್ತ ಸಮಾಲೋಚಕರ ಕೆಲಸವೂ ಬೇರೆ. ಅವರು ಸಂಬಂಧದ ಒಳಗಿನ ನೋವನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತಾರೆ. ಮಧ್ಯಸ್ಥಗಾರರು ಮುಂದಿನ ದಿನಗಳ ವ್ಯವಸ್ಥೆಯ ಬಗ್ಗೆ, ಅಂದರೆ ಮಕ್ಕಳು, ಮನೆ, ಹಣ, ಒಡವೆ, ಬಾಕಿ ಇರುವ ಪ್ರಕರಣಗಳ ಬಗ್ಗೆ ಮಾತು ಬೆಳೆಸುತ್ತಾರೆ.

ಅಲ್ಲಿಗೆ ಹೋದರೆ ಮತ್ತೆ ಒಟ್ಟಿಗೆ ಬಾಳಿರೆಂದು ಒತ್ತಾಯ ಮಾಡುತ್ತಾರೆಯೇ?

ಈ ಭಯಕ್ಕೆ ಕಾರಣವಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವೆಂದೇ ಹೇಳುತ್ತದೆ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಕೂಡ ದಂಪತಿಯನ್ನು ಒಂದುಗೂಡಿಸಲು ಸಾಧ್ಯವೇ ಎಂದು ನೋಡುವಂತೆ ಸೂಚಿಸುತ್ತದೆ. ಹೀಗಾಗಿ ‘ಮತ್ತೆ ಸೇರುವ ಮನಸ್ಸಿದೆಯೇ’ ಎಂಬ ಪ್ರಶ್ನೆ ಒಮ್ಮೆಯಾದರೂ ಬರುತ್ತದೆ. ಇಲ್ಲವೆಂದು ಸ್ಪಷ್ಟವಾಗಿ ಹೇಳಿದರೆ ಮಾತು ಅಲ್ಲಿಂದ ಮುಂದಕ್ಕೆ, ಗೌರವದಿಂದ ಬೇರೆಯಾಗುವುದು ಹೇಗೆ ಎಂಬ ಕಡೆಗೆ ಹೊರಳಬೇಕು. ಒಳ್ಳೆಯ ಮಧ್ಯಸ್ಥಗಾರರು ಹಾಗೆಯೇ ಮಾಡುತ್ತಾರೆ.

ಲೋಕ ಅದಾಲತ್ ನಡೆದ ಮರುದಿನ ಹಾರ ಬದಲಾಯಿಸಿಕೊಂಡು ಮತ್ತೆ ಒಂದಾದ ಜೋಡಿಗಳ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಅದು ಸಂತೋಷದ ವಿಷಯವೇ. ಆದರೆ ಮಗುವಿನ ಶಾಲೆಯ ಶುಲ್ಕದಿಂದ ಹಿಡಿದು ಮನೆಯ ಬೀಗದ ಕೈವರೆಗೆ ಎಲ್ಲವನ್ನೂ ಮಾತಾಡಿ ಮುಗಿಸಿ, ಒಬ್ಬರನ್ನೊಬ್ಬರು ಹೀಯಾಳಿಸದೆ ಬೇರೆ ಬೇರೆ ದಾರಿ ಹಿಡಿದು ಹೋದ ದಂಪತಿಯ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ನನ್ನ ಮಟ್ಟಿಗೆ ಆ ಎರಡನೆಯದೂ ಮಧ್ಯಸ್ಥಿಕೆಯ ಪೂರ್ಣ ಯಶಸ್ಸೇ.

ಮಧ್ಯಸ್ಥಿಕೆಗೆ ಹೋಗುವುದು ಹೇಗೆ? ಖರ್ಚೆಷ್ಟು, ಎಷ್ಟು ದಿನ ಬೇಕು?

ಅರ್ಜಿ ಈಗಾಗಲೇ ನ್ಯಾಯಾಲಯದಲ್ಲಿದ್ದರೆ ನ್ಯಾಯಾಧೀಶರೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಡಿ ಕಳುಹಿಸುತ್ತಾರೆ, ನೀವೇ ಕೇಳಿಕೊಳ್ಳಲೂಬಹುದು. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಆರಂಭವಾಯಿತು. ಜಿಲ್ಲೆಗಳಲ್ಲಿಯೂ ನ್ಯಾಯಾಲಯಗಳಿಗೆ ಹೊಂದಿಕೊಂಡ ಮಧ್ಯಸ್ಥಿಕೆ ಕೇಂದ್ರಗಳಿವೆ. ಇಲ್ಲಿಗೆ ನ್ಯಾಯಾಲಯದಿಂದ ಹೋದವರು ಮಧ್ಯಸ್ಥಗಾರರಿಗೆ ಶುಲ್ಕ ಕೊಡಬೇಕಾಗಿಲ್ಲ. ಪ್ರಕರಣ ದಾಖಲಾಗುವ ಮೊದಲೇ ರಾಜಿಗೆ ಪ್ರಯತ್ನಿಸಬೇಕೆನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಬಹುದು. ರಾಷ್ಟ್ರೀಯ ಕಾನೂನು ಸೇವೆಗಳ ಸಹಾಯವಾಣಿಯ ಸಂಖ್ಯೆ 15100.

ಸಾಮಾನ್ಯವಾಗಿ 60 ದಿನಗಳ ಕಾಲಮಿತಿ ಇಟ್ಟುಕೊಂಡು, ಮಾತು ಫಲ ಕೊಡುವಂತಿದ್ದರೆ ಇನ್ನಷ್ಟು ದಿನ ವಿಸ್ತರಿಸುತ್ತಾರೆ. ಕೆಲವರು ಎರಡೇ ಭೇಟಿಯಲ್ಲಿ ಮುಗಿಸುತ್ತಾರೆ. ಕೆಲವರಿಗೆ ಮೊದಲ ಮೂರು ಭೇಟಿ ಕೋಪ ಇಳಿಯುವುದಕ್ಕೇ ಬೇಕಾಗುತ್ತದೆ.

ಕೊಠಡಿಯೊಳಗೆ ನಿಜವಾಗಿ ಏನು ನಡೆಯುತ್ತದೆ?

ನ್ಯಾಯಾಧೀಶರ ಪೀಠವಾಗಲೀ ಸಾಕ್ಷಿಕಟ್ಟೆಯಾಗಲೀ ಅಲ್ಲಿ ಇರುವುದಿಲ್ಲ; ಒಂದು ಮೇಜಿನ ಸುತ್ತ ಎಲ್ಲರೂ ಒಂದೇ ಎತ್ತರದ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಮಧ್ಯಸ್ಥಗಾರರು ಬಹುತೇಕ ವಕೀಲರೇ ಆಗಿದ್ದರೂ ಆ ದಿನ ಅವರು ಯಾರ ಪರವೂ ಅಲ್ಲ. ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ ರೂಪಿಸಿದ 40 ಗಂಟೆಗಳ ತರಬೇತಿಯನ್ನು ಪಡೆದಿರುತ್ತಾರೆ. ಮೊದಲು ಅವರು ತಮ್ಮ ಪಾತ್ರವನ್ನೂ ಗುಟ್ಟು ಕಾಯುವ ನಿಯಮವನ್ನೂ ವಿವರಿಸುತ್ತಾರೆ. ಆಮೇಲೆ ಇಬ್ಬರೂ ಒಬ್ಬರಾದ ಮೇಲೊಬ್ಬರು, ನಡುವೆ ಬಾಯಿ ಹಾಕದೆ, ತಮ್ಮ ಮಾತು ಹೇಳಬೇಕು. ಎಷ್ಟೋ ಮನೆಗಳಲ್ಲಿ ವರ್ಷಗಳ ನಂತರ ಒಬ್ಬರು ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳುವುದು ಅದೇ ಮೊದಲ ಸಲ.

ಅದರ ನಂತರ ಮಧ್ಯಸ್ಥಗಾರರು ಪ್ರತಿಯೊಬ್ಬರನ್ನೂ ಬೇರೆಯಾಗಿ ಕೂರಿಸಿಕೊಂಡು ಮಾತಾಡಬಹುದು. ಎದುರಿನಲ್ಲಿ ಹೇಳಲಾಗದ ಸಂಗತಿಗಳು ಹೊರಬರುವುದು ಇಲ್ಲಿಯೇ: ಹೆಂಡತಿಗೆ ಹಣಕ್ಕಿಂತ ತನ್ನ ಅಂಕಪಟ್ಟಿಗಳು ಗಂಡನ ಮನೆಯ ಬೀರುವಿನಲ್ಲಿ ಉಳಿದಿರುವುದೇ ದೊಡ್ಡ ಚಿಂತೆಯಾಗಿರಬಹುದು, ಗಂಡನಿಗೆ ಜೀವನಾಂಶದ ಮೊತ್ತಕ್ಕಿಂತ ವಯಸ್ಸಾದ ತಾಯಿಯ ಹೆಸರು ಪೊಲೀಸ್ ದೂರಿನಲ್ಲಿರುವುದೇ ಸಂಕಟವಾಗಿರಬಹುದು. ಅರ್ಜಿಯಲ್ಲಿ ಬರೆಯದ ಇಂಥ ಸಂಗತಿಗಳೇ ಎಷ್ಟೋ ಸಲ ಗಂಟು ಬಿಚ್ಚುವ ಎಳೆಯಾಗುತ್ತವೆ. ಹೀಗೆ ಒಬ್ಬರು ಖಾಸಗಿಯಾಗಿ ಹೇಳಿದ್ದನ್ನು ಅವರ ಅನುಮತಿ ಇಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿಲ್ಲ.

ಮಾತು ಹದಕ್ಕೆ ಬಂದ ಮೇಲೆ ಒಪ್ಪಂದ ಬರೆಯುತ್ತಾರೆ. ಅದರ ಪ್ರತಿ ಸಾಲನ್ನೂ ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳಿ. ಕರಡು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸಿ ಎಂದು ಕೇಳಲು ಸಂಕೋಚ ಬೇಡ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಅಗತ್ಯ ಯಾರಿಗೂ ಇಲ್ಲ.

ವಕೀಲರನ್ನು ಅಥವಾ ತಂದೆ ತಾಯಿಯನ್ನು ಕರೆದುಕೊಂಡು ಹೋಗಬಹುದೇ?

ವಕೀಲರು ಬರಬಹುದು, ಬಂದರೆ ಒಳ್ಳೆಯದು. ಆದರೆ ಅಲ್ಲಿ ಮಾತಾಡಬೇಕಾದವರು ನೀವು. ತಂದೆ ತಾಯಿ, ಅಣ್ಣ, ಭಾವ ಮುಂತಾದವರು ಹೊರಗೆ ಕಾಯಬೇಕಾಗಬಹುದು. ಅವರ ಒಪ್ಪಿಗೆಯಿಲ್ಲದೆ ಏನೂ ನಡೆಯದು ಎಂಬ ಸ್ಥಿತಿ ಇದ್ದಾಗ ಮಧ್ಯಸ್ಥಗಾರರೇ ಅವರನ್ನು ಒಳಗೆ ಕರೆಯುವುದುಂಟು.

ಅಲ್ಲಿ ಆಡಿದ ಮಾತನ್ನು ಮುಂದೆ ನನ್ನ ವಿರುದ್ಧ ಬಳಸಬಹುದೇ?

ಬಳಸುವಂತಿಲ್ಲ. ಒಪ್ಪಂದವಾದರೆ ಸಹಿ ಮಾಡಿದ ಒಪ್ಪಂದವನ್ನು, ಆಗದಿದ್ದರೆ ‘ಮಧ್ಯಸ್ಥಿಕೆ ಫಲಕಾರಿಯಾಗಲಿಲ್ಲ’ ಎಂಬ ಒಂದು ಸಾಲನ್ನು ಮಾತ್ರ ಮಧ್ಯಸ್ಥಗಾರರು ನ್ಯಾಯಾಲಯಕ್ಕೆ ಕಳುಹಿಸಬೇಕೆಂದು ಸುಪ್ರೀಂ ಕೋರ್ಟ್ ಮೋತಿ ರಾಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ‘ಆ ದಿನ 20 ಲಕ್ಷ ಕೊಡಲು ಒಪ್ಪಿದ್ದರು’ ಎಂದು ಆಮೇಲೆ ಸಾಕ್ಷ್ಯ ನುಡಿಯಲು ಬರುವುದಿಲ್ಲ. ಮಾತುಕತೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವುದೂ ಸರಿಯಲ್ಲ.

ಮನೆಯಲ್ಲಿ ಹೊಡೆತ, ಬೆದರಿಕೆ ಇತ್ತು. ಅಂಥವರ ಎದುರು ಕೂತು ಮಾತಾಡಲೇಬೇಕೇ?

ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಒಬ್ಬರ ಕಣ್ಣೋಟಕ್ಕೇ ಇನ್ನೊಬ್ಬರು ನಡುಗುವಂತಿದ್ದರೆ ಅಲ್ಲಿ ನಡೆಯುವುದು ಮಾತುಕತೆಯಾಗುವುದಿಲ್ಲ, ಹೆದರಿಕೆಯಿಂದ ಹುಟ್ಟಿದ ‘ಹೂಂ’ ಒಪ್ಪಿಗೆಯೂ ಆಗುವುದಿಲ್ಲ. ದೌರ್ಜನ್ಯ ನಡೆದಿದ್ದರೆ ಮೊದಲ ದಿನವೇ, ಸಾಧ್ಯವಾದರೆ ಕೊಠಡಿಗೆ ಹೋಗುವ ಮೊದಲೇ, ನಿಮ್ಮ ವಕೀಲರ ಮೂಲಕ ಅಥವಾ ನೇರವಾಗಿ ಮಧ್ಯಸ್ಥಗಾರರಿಗೆ ತಿಳಿಸಿ. ಇಬ್ಬರನ್ನೂ ಬೇರೆ ಬೇರೆ ಕೊಠಡಿಯಲ್ಲಿ ಕೂರಿಸಿ, ಬೇರೆ ಬೇರೆ ಹೊತ್ತಿಗೆ ಕಳುಹಿಸಿ ಮಾತುಕತೆ ನಡೆಸುವಂತೆ ಕೇಳಬಹುದು. ಅದೂ ಬೇಡವೆನಿಸಿದರೆ ಮಧ್ಯಸ್ಥಿಕೆ ನಿಲ್ಲಿಸಿ ಎಂದು ಹೇಳುವ ಹಕ್ಕು ನಿಮಗಿದೆ. ಅದಕ್ಕಾಗಿ ನ್ಯಾಯಾಲಯ ನಿಮ್ಮ ಮೇಲೆ ತಪ್ಪು ಹೊರಿಸುವಂತಿಲ್ಲ.

ರಕ್ಷಣೆ ಮೊದಲು, ರಾಜಿ ಆಮೇಲೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ರಕ್ಷಣಾ ಆದೇಶ, ವಾಸದ ಹಕ್ಕು, ಮಧ್ಯಂತರ ಜೀವನಾಂಶ ಕೇಳಲು ಮಧ್ಯಸ್ಥಿಕೆ ಅಡ್ಡಿಯಾಗುವುದಿಲ್ಲ. ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181 ಇವೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಸಂಬಳವಿದೆ ಎಂಬ ಕಾರಣಕ್ಕೆ ಈ ನೆರವು ತಪ್ಪುವುದಿಲ್ಲ, ಇದು ಎಷ್ಟೋ ಮಂದಿಗೆ ತಿಳಿದಿಲ್ಲ.

498ಎ ಪ್ರಕರಣ ದಾಖಲಾಗಿದೆ. ರಾಜಿಯಾದರೆ ಅದು ತಾನಾಗಿ ಮುಗಿಯುತ್ತದೆಯೇ?

ತಾನಾಗಿ ಮುಗಿಯುವುದಿಲ್ಲ. ಭಾರತೀಯ ದಂಡ ಸಂಹಿತೆಯ 498ಎ, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿರುವ ಅಪರಾಧ, ಅಂದರೆ ಗಂಡ ಅಥವಾ ಅವನ ಕಡೆಯವರು ಹೆಂಡತಿಯ ಮೇಲೆ ನಡೆಸುವ ಕ್ರೌರ್ಯ, ಕಕ್ಷಿದಾರರೇ ರಾಜಿ ಮಾಡಿಕೊಂಡು ಕೈಬಿಡಬಹುದಾದದ್ದಲ್ಲ. ಒಪ್ಪಂದದ ಆಧಾರದ ಮೇಲೆ ಹೈಕೋರ್ಟಿಗೆ ಅರ್ಜಿ ಹಾಕಿ ರದ್ದುಪಡಿಸಿಕೊಳ್ಳಬೇಕು, ಬಿ.ಎಸ್. ಜೋಶಿ ಪ್ರಕರಣದ 2003ರ ತೀರ್ಪಿನಿಂದ ಈ ದಾರಿ ತೆರೆದಿದೆ. ಆದ್ದರಿಂದ ದೂರುದಾರರು ಯಾವ ದಿನ ಪ್ರಮಾಣಪತ್ರ ಕೊಡಬೇಕು, ಅರ್ಜಿಯ ಖರ್ಚು ಯಾರದು, ಹಣದ ಯಾವ ಕಂತು ಯಾವ ಹಂತಕ್ಕೆ ಎಂಬುದೆಲ್ಲ ಒಪ್ಪಂದದಲ್ಲಿಯೇ ಇರಬೇಕು. 2013ರ ಕೆ. ಶ್ರೀನಿವಾಸ ರಾವ್ ಮತ್ತು ಡಿ.ಎ. ದೀಪಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಾಜಿಯ ಸಾಧ್ಯತೆ ಕಂಡರೆ ಇಂಥ ದೂರುಗಳನ್ನೂ ಮಧ್ಯಸ್ಥಿಕೆಗೆ ಕಳುಹಿಸಬಹುದೆಂದು ಹೇಳಿತು; ಆದರೆ ಕಾನೂನಿನ ಬಿಗಿ ಸಡಿಲವಾಗಬಾರದು ಎಂಬ ಎಚ್ಚರಿಕೆಯನ್ನೂ ಜೊತೆಗೇ ಕೊಟ್ಟಿತು.

ಜೀವನಾಂಶ ಎಷ್ಟೆಂದು ಹೇಗೆ ನಿರ್ಧಾರವಾಗುತ್ತದೆ? ಎದುರಿನವರು ಆದಾಯ ಮುಚ್ಚಿಟ್ಟರೆ?

ಸಂಬಳದ ಇಷ್ಟು ಪಾಲು ಎಂಬ ಕಟ್ಟುನಿಟ್ಟಿನ ಸೂತ್ರ ಕಾನೂನಿನಲ್ಲಿ ಇಲ್ಲ. ಇಬ್ಬರ ಆದಾಯ, ಬದುಕಿದ ರೀತಿ, ಮದುವೆಯ ಅವಧಿ, ಮಕ್ಕಳ ಖರ್ಚು, ಮನೆಗಾಗಿ ಬಿಟ್ಟ ಉದ್ಯೋಗ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. 2020ರ ನವೆಂಬರ್ 4ರ ರಜನೀಶ್ ಮತ್ತು ನೇಹಾ ತೀರ್ಪಿನಂತೆ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕು. ಆ ಪ್ರಮಾಣಪತ್ರ ಸಲ್ಲಿಕೆಯಾದ ಮೇಲೆ ಮಾತಿಗೆ ಕೂರುವುದು ಜಾಣತನ. ಮಧ್ಯಸ್ಥಗಾರರಿಗೆ ಬ್ಯಾಂಕಿನಿಂದಲೋ ಕಂಪನಿಯಿಂದಲೋ ದಾಖಲೆ ತರಿಸುವ ಅಧಿಕಾರವಿಲ್ಲ, ನ್ಯಾಯಾಲಯಕ್ಕಿದೆ. ಲೆಕ್ಕ ನಂಬಿಕೆಗೆ ಯೋಗ್ಯವಾಗಿಲ್ಲ ಎನಿಸಿದರೆ ಸಹಿ ಮಾಡಬೇಡಿ.

ಒಂದೇ ಸಲದ ದೊಡ್ಡ ಮೊತ್ತವೋ ತಿಂಗಳಿಗಿಷ್ಟೋ ಎಂಬುದು ಅವರವರ ಪರಿಸ್ಥಿತಿಗೆ ಬಿಟ್ಟದ್ದು. ತಿಂಗಳ ಹಣ ನಿಲ್ಲುವ ಭಯವಿರುವವರು ಒಂದೇ ಮೊತ್ತವನ್ನು ಬಯಸುತ್ತಾರೆ. ಅದನ್ನು ಮೊದಲ ಹೇಳಿಕೆಯ ದಿನ ಇಷ್ಟು, ಡಿಕ್ರಿಯ (ನ್ಯಾಯಾಲಯದ ಅಂತಿಮ ತೀರ್ಮಾನದ) ದಿನ ಇಷ್ಟು ಎಂದು ಡಿ.ಡಿ. ಮೂಲಕ ನ್ಯಾಯಾಲಯದಲ್ಲಿಯೇ ಹಸ್ತಾಂತರಿಸುವುದು ರೂಢಿ. ತಾಯಿ ತನ್ನ ಜೀವನಾಂಶವನ್ನು ಬಿಟ್ಟುಕೊಡಬಹುದು. ಮಗುವಿನ ಪಾಲನ್ನು ಬಿಟ್ಟುಕೊಡಲು ಆಕೆಗೂ ಅಧಿಕಾರವಿಲ್ಲ, ಅದು ಮಗುವಿನದು.

ಮಕ್ಕಳ ವಿಷಯದಲ್ಲಿ ಏನನ್ನು ಮಾತಾಡಬೇಕು?

ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ಇದಕ್ಕೆ ಕೊಡಿ ಎಂದು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಆದರೆ ಯಾವ ವಯಸ್ಸಿನಲ್ಲಿಯೂ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ‘ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು’ ಎಂಬ ಒಂದೇ ಸಾಲಿನ ಒಪ್ಪಂದಗಳು ಬಹುಬೇಗ ಮುರಿದು ಬೀಳುತ್ತವೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ, ಕರೆದುಕೊಂಡು ಹೋಗುವವರು ಯಾರು, ಮರಳಿ ಬಿಡುವುದು ಎಲ್ಲಿ, ಮಗುವಿಗೆ ಜ್ವರ ಬಂದರೆ ಆ ವಾರದ ಭೇಟಿಯನ್ನು ಯಾವಾಗ ಸರಿದೂಗಿಸಬೇಕು ಎಂಬಷ್ಟು ವಿವರ ಕಾಗದದ ಮೇಲೆ ಇರಲಿ. ಬೇಸಿಗೆ ರಜೆ ಮತ್ತು ದಸರಾ ರಜೆಯ ಹಂಚಿಕೆ, ಯುಗಾದಿ ಯಾರ ಮನೆಯಲ್ಲಿ, ಗೌರಿ ಗಣೇಶ ಯಾರ ಮನೆಯಲ್ಲಿ, ಹುಟ್ಟುಹಬ್ಬದ ದಿನ ಹೇಗೆ, ಇವನ್ನೂ ಬರೆಯಿರಿ. ಇಷ್ಟು ಸಣ್ಣ ಸಂಗತಿಗಳೇ ಎಂದು ಆಗ ಅನಿಸಬಹುದು. ಮುಂದೆ ಜಗಳ ಹುಟ್ಟುವುದು ಇವುಗಳಿಂದಲೇ.

ದೂರವಿರುವ ಪೋಷಕರಿಗೆ ವಿಡಿಯೊ ಕರೆಯ ಮೂಲಕ ಮಗುವಿನೊಡನೆ ಮಾತಾಡುವ ಅವಕಾಶವಿರಬೇಕೆಂದು 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆಯ ವರ್ಗಾವಣೆ ಪತ್ರ, ಪಾಸ್‌ಪೋರ್ಟ್ ಅರ್ಜಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಇವುಗಳಿಗೆ ಸಹಿ ಯಾರದು ಎಂಬುದನ್ನೂ ಮರೆಯಬೇಡಿ. ಅಜ್ಜ ಅಜ್ಜಿಯರ ಭೇಟಿಯನ್ನೂ ಬರೆಯಬಹುದು. ಅವರ ದುಃಖಕ್ಕೆ ನ್ಯಾಯಾಲಯದ ಕಾಗದಗಳಲ್ಲಿ ಜಾಗ ಸಿಗುವುದು ಕಡಿಮೆ. ಭೇಟಿಯಿಂದ ಬಂದ ಮಗುವನ್ನು ‘ಅಲ್ಲಿ ಯಾರು ಬಂದಿದ್ದರು, ಏನು ಹೇಳಿದರು’ ಎಂದು ಕೆದಕುವುದಿಲ್ಲ ಎಂಬ ಸಾಲನ್ನೂ ಕೆಲವರು ಸೇರಿಸುತ್ತಾರೆ. ಅದನ್ನು ಜಾರಿ ಮಾಡಿಸಲು ಯಾವ ನ್ಯಾಯಾಲಯಕ್ಕೂ ಆಗದಿದ್ದರೂ, ಇಬ್ಬರೂ ಸಹಿ ಮಾಡಿದ ಮಾತಿಗೆ ಒಂದು ತೂಕವಿರುತ್ತದೆ.

ಒಡವೆ, ಮನೆ, ಸಾಲ ಇವುಗಳನ್ನು ಹೇಗೆ ಇತ್ಯರ್ಥ ಮಾಡುವುದು?

ಸ್ತ್ರೀಧನ ಹೆಂಡತಿಯದೇ, ತವರಿನವರು ಕೊಟ್ಟದ್ದೂ ಉಡುಗೊರೆಯಾಗಿ ಬಂದದ್ದೂ ಅದರಲ್ಲಿ ಸೇರುತ್ತದೆ. ಒಡವೆಗಳ ಪಟ್ಟಿಯನ್ನು ಗ್ರಾಂ ಲೆಕ್ಕದಲ್ಲಿ ಬರೆದು, ರಸೀದಿ ಇಲ್ಲದಿದ್ದರೆ ಮದುವೆಯ ಫೋಟೊಗಳನ್ನಾದರೂ ಒಯ್ಯಿರಿ. ಬ್ಯಾಂಕ್ ಲಾಕರ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ.

ಮನೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಬೇಕು. ಜಂಟಿ ಗೃಹಸಾಲವಿದ್ದರೆ, ‘ಇನ್ನು ಮುಂದೆ ಕಂತು ಗಂಡನೇ ಕಟ್ಟತಕ್ಕದ್ದು’ ಎಂಬ ನಿಮ್ಮಿಬ್ಬರ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಸಾಲದಿಂದ ಹೆಸರು ತೆಗೆಯಲು ಬ್ಯಾಂಕಿನ ಒಪ್ಪಿಗೆ ಬೇಕು, ಅದಿಲ್ಲದಿದ್ದರೆ ಕಂತು ತಪ್ಪಿದ ದಿನ ನೋಟಿಸು ಇಬ್ಬರಿಗೂ ಬರುತ್ತದೆ. ಎರಡನೆಯದಾಗಿ, ಪ್ರಕರಣದ ವಿಷಯವಾಗಿಲ್ಲದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯ ಮೂಲಕ ವರ್ಗಾಯಿಸಿದರೆ 1908ರ ನೋಂದಣಿ ಕಾಯ್ದೆಯಂತೆ ಅದನ್ನು ನೋಂದಾಯಿಸಬೇಕಾಗುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಗೆ ಯಾವ ದಿನದೊಳಗೆ ಬಂದು ಸಹಿ ಮಾಡಬೇಕು, ಮುದ್ರಾಂಕ ಶುಲ್ಕ ಯಾರ ಪಾಲು ಎಂಬುದನ್ನು ಮೊದಲೇ ಬರೆದಿಡಿ.

ಒಪ್ಪಂದವಾದ ಮೇಲೆ ವಿಚ್ಛೇದನಕ್ಕೆ ಇನ್ನೂ ಆರು ತಿಂಗಳು ಕಾಯಬೇಕೇ?

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ, ಒಂದು ವರ್ಷ ಪ್ರತ್ಯೇಕವಾಗಿ ಬಾಳಿದ ದಂಪತಿ ಪರಸ್ಪರ ಒಪ್ಪಿಗೆಯ ಅರ್ಜಿ ಸಲ್ಲಿಸಬಹುದು. ಸಲ್ಲಿಸಿ ಆರು ತಿಂಗಳಾದ ಮೇಲೆ, 18 ತಿಂಗಳೊಳಗೆ, ಮತ್ತೆ ಬಂದು ತಮ್ಮ ಕೋರಿಕೆ ಹಾಗೇ ಇದೆ ಎಂದು ಹೇಳಬೇಕು. ಈ ಆರು ತಿಂಗಳು ಕಡ್ಡಾಯವಲ್ಲ, ತಕ್ಕ ಪ್ರಕರಣದಲ್ಲಿ ಮನ್ನಾ ಮಾಡಬಹುದು ಎಂದು 2017ರ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಟ್ಟು ಒಂದೂವರೆ ವರ್ಷ ಬೇರೆಯಾಗಿದ್ದು, ರಾಜಿಯ ಪ್ರಯತ್ನಗಳೆಲ್ಲ ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ಪಾಲನೆ ಇತ್ಯರ್ಥವಾಗಿದ್ದು, ಕಾಯುವುದರಿಂದ ಸಂಕಟವೇ ಹೆಚ್ಚುವಂತಿದ್ದರೆ ನ್ಯಾಯಾಲಯ ಮನ್ನಾ ಮಾಡುವುದನ್ನು ಪರಿಗಣಿಸುತ್ತದೆ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅದರ 28ನೇ ಕಲಂ, ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆಯ 10ಎ ಕಲಂ ಅನ್ವಯಿಸುತ್ತವೆ. ಮುಸ್ಲಿಮರಲ್ಲಿ ಪರಸ್ಪರ ಒಪ್ಪಿಗೆಯ ಬೇರ್ಪಡೆಗೆ ಮುಬಾರಾತ್ ಇದೆ. ಮಧ್ಯಸ್ಥಿಕೆಯ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ನೋಟರಿಯ ಮುಂದೆ ಬಾಂಡ್ ಪೇಪರ್ ಮೇಲೆ ಬರೆದುಕೊಂಡರೆ ಸಾಲದೇ?

ಸಾಲದು. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ ಎಂದೂ ಬೇರೆಡೆ ಬಿಡುಗಡೆ ಪತ್ರವೆಂದೂ ಕರೆಯುವ ಕಾಗದಗಳಿಂದ ಮದುವೆ ಮುಗಿಯಿತೆಂದು ನಂಬಿ ಮರುಮದುವೆಯಾದವರು ಆಮೇಲೆ ಭಾರೀ ತೊಂದರೆಗೆ ಸಿಲುಕುತ್ತಾರೆ. ಸಮುದಾಯದ ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಜಾಗ ಕೊಟ್ಟಿದೆ ನಿಜ, ಆದರೆ ಅಂಥ ರೂಢಿ ತಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ಸಾಕ್ಷ್ಯ ಸಹಿತ ಸಾಬೀತುಪಡಿಸಬೇಕು. ಅದಕ್ಕಿಂತ ಮಧ್ಯಸ್ಥಿಕೆಯಲ್ಲಿ ಬರೆದು ನ್ಯಾಯಾಲಯದ ಡಿಕ್ರಿ ಪಡೆಯುವುದೇ ಸುರಕ್ಷಿತ.

ನಮ್ಮಲ್ಲಿ ಒಬ್ಬರು ವಿದೇಶದಲ್ಲಿದ್ದೇವೆ. ಆಗ?

ಎರಡೂ ಕಡೆಯವರು ಮತ್ತು ನ್ಯಾಯಾಲಯ ಒಪ್ಪಿದರೆ ವಿಡಿಯೊ ಮೂಲಕ ಮಾತುಕತೆ ಸಾಧ್ಯ. ಸಹಿಗೆ ತಂದೆಗೋ ಅಣ್ಣನಿಗೋ ಪವರ್ ಆಫ್ ಅಟಾರ್ನಿ ಕೊಡುವವರಿದ್ದಾರೆ. ಆದರೂ ಒಪ್ಪಂದದ ಪ್ರತಿ ಷರತ್ತನ್ನು ದಂಪತಿ ತಾವೇ ಕೇಳಿ ಒಪ್ಪಿದ್ದಾರೆಂದು ದಾಖಲಾಗುವುದು ಕ್ಷೇಮ. ಮಗು ವಿದೇಶದಲ್ಲಿದ್ದರೆ ಇನ್ನೊಂದು ಸಂಗತಿ ಗಮನದಲ್ಲಿರಲಿ: ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಪ್ರಯಾಣ, ಮರಳುವ ದಿನಾಂಕ, ಪಾಸ್‌ಪೋರ್ಟ್ ಯಾರ ಬಳಿ ಎಂಬ ಷರತ್ತುಗಳನ್ನು ಬಿಗಿಯಾಗಿ ಬರೆದು, ಮಗು ಇರುವ ದೇಶದ ನ್ಯಾಯಾಲಯದಲ್ಲಿಯೂ ಅದೇ ಷರತ್ತುಗಳ ಆದೇಶ ಪಡೆಯಲು ಸಾಧ್ಯವೇ ಎಂದು ಅಲ್ಲಿನ ವಕೀಲರನ್ನು ಕೇಳಿ.

ಒಪ್ಪಂದ ಆಗದಿದ್ದರೆ, ಅಥವಾ ಆದ ಮೇಲೆ ಒಬ್ಬರು ಮಾತು ತಪ್ಪಿದರೆ?

ಆಗದಿದ್ದರೆ ಪ್ರಕರಣ ನಿಂತಲ್ಲಿಂದಲೇ ನ್ಯಾಯಾಲಯದಲ್ಲಿ ಮುಂದುವರಿಯುತ್ತದೆ, ನಿಮ್ಮ ಹಕ್ಕುಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಎಲ್ಲ ವಿಷಯಗಳಲ್ಲಿ ಒಮ್ಮತ ಬಾರದಿದ್ದರೂ ಮಗುವಿನ ಭೇಟಿಯಂಥ ಒಂದೆರಡು ವಿಷಯಗಳಲ್ಲಿ ಮಾತ್ರ ಒಪ್ಪಂದ ಮಾಡಿಕೊಳ್ಳಬಹುದು.

ಡಿಕ್ರಿಗೆ ಮೊದಲು ಒಬ್ಬರು ವಿಚ್ಛೇದನದ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಸಾಧ್ಯ. ಸುರೇಷ್ಟಾ ದೇವಿ ಪ್ರಕರಣದ 1991ರ ತೀರ್ಪು ಹಾಗೆ ಹೇಳುತ್ತದೆ. ಆದರೆ ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಹಣವನ್ನೂ ಪಡೆದು ಹಿಂದೆ ಸರಿದರೆ ನ್ಯಾಯಾಂಗ ನಿಂದನೆಯ ಪ್ರಶ್ನೆ ಏಳಬಹುದು. ಈ ಅಪಾಯವಿರುವುದರಿಂದಲೇ ಹಣವನ್ನು ಹಂತ ಹಂತವಾಗಿ ಕೊಡುವ ಷರತ್ತು ಇಬ್ಬರಿಗೂ ಒಳ್ಳೆಯದು. ಒಪ್ಪಂದ ಡಿಕ್ರಿಯಾದ ಮೇಲೆ ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ, ಮತ್ತು ಅದನ್ನು ಯಾವುದೇ ಡಿಕ್ರಿಯಂತೆ ಅಮಲ್ಜಾರಿ ಅರ್ಜಿಯ ಮೂಲಕ ಜಾರಿ ಮಾಡಿಸಬಹುದು. ಮಗುವಿಗೆ ಸಂಬಂಧಿಸಿದ ಷರತ್ತುಗಳು ಮಾತ್ರ ಎಂದಿಗೂ ಬೀಗ ಹಾಕಿದ ಪೆಟ್ಟಿಗೆಯಲ್ಲ. ನಾಲ್ಕು ವರ್ಷದ ಮಗುವಿಗೆಂದು ಬರೆದ ವೇಳಾಪಟ್ಟಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿಗೆ ಹೊಂದುವುದಿಲ್ಲ. ಆಗ ಇಬ್ಬರೂ ಮತ್ತೆ ಅದೇ ಮೇಜಿನ ಎದುರು ಕುಳಿತು ಬದಲಾಯಿಸಿಕೊಳ್ಳಬಹುದು, ಅಥವಾ ಬದಲಾವಣೆ ಕೋರಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.